ಮೂರು ಬೇಲಿಗಳ ನಡುವಿನ ದಾರಿ

1931ರಲ್ಲಿ ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲೋಯರ್ ಸೆಕೆಂಡರಿ ಮುಗಿಯಲು ಇನ್ನೊಂದು ವರ್ಷವಿತ್ತು. ಅಪ್ಪ ತೀರಿಕೊಂಡರು, ಬೇಸಾಯಕ್ಕೆ ಅಣ್ಣನ ಜೊತೆ ಇನ್ನೆರಡು ಕೈ ಬೇಕಾದವು. ಅಪ್ಪನನ್ನು ನಮ್ಮ ಹೊಲದ ಮೂಲೆಯಲ್ಲೇ, ಹೊಂಗೆಮರದ ಪಕ್ಕ ಗುಂಡಿ ತೆಗೆದು ಕೂರಿಸಿದೆವು. ನಾವು ಲಿಂಗವಂತರು, ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಎಡ ಅಂಗೈಯಲ್ಲಿ ಅವರ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಮಾರನೆಯ ವರ್ಷ ಆ ಹೊಲ ಉಳುವಾಗ ಅಣ್ಣನ ನೇಗಿಲು ಅಪ್ಪನ ಗದ್ದುಗೆಯನ್ನು ಬಳಸಿಕೊಂಡು ಹೋಯಿತು. ಸ್ಮಶಾನ ಎನ್ನುವುದು ಹೊಲವಿಲ್ಲದವರಿಗೆ ಎಂದು ನಾನು ತಿಳಿದಿದ್ದೆ. ನಮ್ಮ ಅರಸೀಕೆರೆ ಸೀಮೆಯಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಹಾಗೇ ತಿಳಿದಿರುತ್ತೀರಿ.

ಮಳೆ ಕೈಕೊಟ್ಟಿದ್ದಕ್ಕೆ ಊರು ಬಿಟ್ಟವನೂ ನಾನಲ್ಲ. ಅಣ್ಣನ ಕೈಕೆಳಗೆ ಆಳಾಗಿರಲು ಮನಸ್ಸು ಬರಲಿಲ್ಲ, ಅಷ್ಟೆ. 1937ರಲ್ಲಿ ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದರೆ ಮೊದಲು ಎದುರಾದದ್ದು ಒಂದು ಶವಯಾತ್ರೆ. ಮುಂದೆ ಬ್ಯಾಂಡಿನವರು, ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ನಡುವೆ ಹೆಗಲುಗಳ ಮೇಲೆ ಒಂದು ಮರದ ಪೆಟ್ಟಿಗೆ. ಉದ್ದನೆಯ ಪೆಟ್ಟಿಗೆ, ಮುಚ್ಚಳಕ್ಕೆ ಮೊಳೆ ಹೊಡೆದಿತ್ತು. ನಮ್ಮೂರಲ್ಲಿ ಸತ್ತವರು ಬಿದಿರಿನ ವಿಮಾನದಲ್ಲಿ ಕೂತು, ಮುಖ ತೋರಿಸಿಕೊಂಡು, ಬೀದಿಯವರನ್ನೆಲ್ಲ ನೋಡುತ್ತ ಹೋಗುತ್ತಾರೆ. ಇಲ್ಲಿ ಹೆಣವೇ ಕಾಣಲಿಲ್ಲ.

ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದ ಒಬ್ಬರನ್ನು ಕೇಳಿದೆ. "ಹೆಣ ಎಲ್ಲಿದೆ?"

"ಪೆಟ್ಟಿಗೇಲಿ."

"ಎತ್ತರವೇ ಇಲ್ಲವಲ್ಲ. ಒಳಗೆ ಹೇಗೆ ಕೂತಿದಾರೆ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂತ್ಕೊಂಡು ಹೋಗಕ್ಕೆ ಅದೇನು ಬಸ್ಸಾ ಮಾರಾಯ?"

ಹೀಗೆ ನನಗೆ ಅಂತೋಣಿ ಮೇಸ್ತ್ರಿಯ ಪರಿಚಯವಾಯಿತು. ಸೇಲಂ ಕಡೆಯ ತಮಿಳರು, ಕ್ರಿಸ್ತುವರು. ಗುತ್ತಿಗೆದಾರರೊಬ್ಬರ ಎರಕದ ಶೆಡ್ಡಿನಲ್ಲಿ ಅಚ್ಚು ಕಟ್ಟುವ ಮೇಸ್ತ್ರಿ. ಸರ್ಕಾರದ ದೊಡ್ಡ ಕಾರ್ಖಾನೆಯಿಂದ ಕಚ್ಚಾ ಕಬ್ಬಿಣ ತಂದು ಕರಗಿಸಿ, ಈ ಶೆಡ್ಡಿನಲ್ಲಿ ತೂಕದ ಬಟ್ಟು, ನೇಗಿಲ ಗುಳ, ಪಂಪಿನ ಚಕ್ರ ಎರಕ ಹೊಯ್ಯುತ್ತಿದ್ದರು. ನನ್ನನ್ನು ಅಲ್ಲಿ ಸೇರಿಸಿದ್ದೂ ಅವರೇ, ಕೆಲಸ ಕಲಿಸಿದ್ದೂ ಅವರೇ. ಒದ್ದೆ ಮರಳನ್ನು ಪೆಟ್ಟಿಗೆಗೆ ತುಂಬಿ ದಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಕಡಿಮೆ ಬಡಿದರೆ ಅಚ್ಚು ಕುಸಿಯುತ್ತದೆ, ಹೆಚ್ಚು ಬಡಿದರೆ ಒಳಗಿನ ಗಾಳಿಗೆ ದಾರಿ ಸಿಗದೆ ಕಬ್ಬಿಣ ಸಿಡಿಯುತ್ತದೆ. ಹೊಲದ ಮಣ್ಣು ಬಲ್ಲೆ ಎಂದುಕೊಂಡವನಿಗೆ ಇಲ್ಲಿಯ ಮರಳು ಬುದ್ಧಿ ಕಲಿಸಿತು. ಕೊರಳಲ್ಲಿ ನೇತಾಡುತ್ತಿದ್ದ, ಲಿಂಗವಿಡುವ ಬೆಳ್ಳಿ ಕರಡಿಗೆ ಕುಲುಮೆಯ ಶಾಖಕ್ಕೆ ಕಾದು ಎದೆಯ ಮೇಲೆ ಬರೆ ಎಳೆಯಿತು. ತೆಗೆದಿಡು ಎಂದರು. ಲಿಂಗ ತೆಗೆಯಲಿಲ್ಲ. ಕರಡಿಗೆ ಮಾತ್ರ ಮನೆಯ ಪೆಟ್ಟಿಗೆಗೆ ಹೋಯಿತು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡೆ. ಒಂದು ಗುಳ್ಳೆಯೂ ಇಲ್ಲದ ನನ್ನ ಮೊದಲ ಚಕ್ರವನ್ನು ಮೇಸ್ತ್ರಿ ಸುತ್ತಿಗೆಯಿಂದ ಬಡಿದು, ನಾದ ಕೇಳಿ, "ಪರವಾಗಿಲ್ಲ ತಂಬಿ" ಎಂದ ದಿನ ನಾನು ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ತಂಬಿ ಎಂದರೆ ತಮಿಳಿನಲ್ಲಿ ತಮ್ಮ.

ಮನೆಯ ವಿಷಯ ಕೇಳುತ್ತೀರಿ. ನ್ಯೂ ಟೌನಿನ ಗೆರೆ ಎಳೆದಂಥ ಬೀದಿಗಳು, ಹೂವಿನ ಗಿಡಗಳ ಕಾಂಪೌಂಡುಗಳು ನಮ್ಮವಲ್ಲ. ನಮ್ಮದು ಗುತ್ತಿಗೆದಾರರ ಲೈನು: ಮಣ್ಣಿನ ಗೋಡೆ, ತಗಡಿನ ಸೂರು, ಬೆನ್ನಿಗೆ ಬೆನ್ನು ಅಂಟಿಕೊಂಡ ಕೋಣೆಗಳು. ಊರಲ್ಲಿ ಸೂರ್ಯನನ್ನು ನೋಡಿ ಏಳುತ್ತಿದ್ದೆ, ಇಲ್ಲಿ ಕಾರ್ಖಾನೆಯ ಸೈರನ್ ಎಬ್ಬಿಸುತ್ತದೆ. ಊರಲ್ಲಿ ಇಂಥವರ ಬಾವಿ, ಅಂಥವರ ಬಾವಿ ಎಂದು ಬೇರೆ ಬೇರೆ. ಇಲ್ಲಿ ಇಡೀ ಲೈನಿಗೆ ಒಂದೇ ನಲ್ಲಿ. ತಣ್ಣಿ, ನೀಳ್ಳು, ಪಾನಿ, ನೀರು ಎಂದು ನಾಲ್ಕು ಭಾಷೆಯಲ್ಲಿ ಜಗಳವಾಡಿ, ಕೊನೆಗೆ ಒಂದೇ ನೀರನ್ನು ಎಲ್ಲರೂ ಒಯ್ಯುತ್ತಿದ್ದರು. ಮೊದಲ ವರ್ಷ ನಾನು ದೂರದ ಹೊಳೆಯಿಂದ ಹೊತ್ತು ತಂದು ಕುಡಿದೆ. ಆಮೇಲೆ ಕಾಲಿಗೆ ಬುದ್ಧಿ ಬಂತು.

1941ರಲ್ಲಿ ಗೌರಮ್ಮನನ್ನು ಮದುವೆಯಾಗಿ ಕರೆತಂದೆ. ಅವಳು ಮೊದಲ ದಿನವೇ ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟಳು. "ನೀರು ಹರಿದು ಬರುವಾಗ ಯಾರನ್ನೂ ಕೇಳಿಕೊಂಡು ಬಂದಿಲ್ಲ. ನಾನ್ಯಾಕೆ ಕೇಳಲಿ?" ಎಂದಳು. ವರ್ಷದೊಳಗೆ ಮೇಸ್ತ್ರಿಯ ಹೆಂಡತಿ ಮೇರಿಯಮ್ಮನ ಹತ್ತಿರ ತಮಿಳು ಕಲಿತು, ನನ್ನ ಎದುರಿಗೇ ನನ್ನ ಮೇಲೆ ಚಾಡಿ ಹೇಳುವಷ್ಟು ಆದಳು. ಇಬ್ಬರು ಮಕ್ಕಳಾದರು. ಊರಿಗೆ ಹೋದಾಗಲೆಲ್ಲ ಅವಳು ಮೂರನೆಯ ದಿನಕ್ಕೆ ಲೈನಿನ ಸುದ್ದಿ ತೆಗೆಯುತ್ತಿದ್ದಳು. ನಾನು ಮಾತ್ರ ಲೈನಿನಲ್ಲಿದ್ದಾಗ ಊರಿನವನು, ಊರಿಗೆ ಹೋದಾಗ ಲೈನಿನವನು.

ಸ್ವಾತಂತ್ರ್ಯ ಬಂದ ಮೇಲೆ, ದಿಲ್ಲಿಯಲ್ಲಿ ರಾಜ್ಯಾಂಗ ಬರೆಯಲು ಕೂತ ಕಾಲ. ಸಂಜೆ ಶೆಡ್ಡು ಬಿಟ್ಟ ಮೇಲೆ ಲೈನಿನ ತುದಿಯ ಹೋಟೆಲಿನಲ್ಲಿ ಪತ್ರಿಕೆ ಓದಿ ಹೇಳುವ ಕೆಲಸ ನನ್ನದು. ಹೊಸ ಸರ್ಕಾರಕ್ಕೆ ಮತಧರ್ಮ ಇರಬೇಕೆ, ಬೇಡವೆ ಎಂದು ಅಲ್ಲಿ ದೊಡ್ಡವರು ವಾದ ಮಾಡುತ್ತಿದ್ದ ಸುದ್ದಿ ಓದಿದರೆ ಇಲ್ಲಿ ಬೆಂಚುಗಳ ಮೇಲೆ ವಾದ ಶುರುವಾಗುತ್ತಿತ್ತು.

"ಮತ ಇಲ್ಲದ ಸರ್ಕಾರ ಅಂದ್ರೇನು?" ಎಂದು ಒಂದು ಸಂಜೆ ಎತ್ತಿದವರು ನಂಜಪ್ಪನವರು. ಗುತ್ತಿಗೆದಾರರ ಲೆಕ್ಕ ಬರೆಯುವ ರೈಟರ್, ತೀರ್ಥಹಳ್ಳಿ ರಸ್ತೆಯ ಕಡೆಯ ಒಕ್ಕಲು ಮನೆತನ, ಲೈನಿನ ಹಿರಿಯರು. "ದೇವಸ್ಥಾನದ ದೀಪಕ್ಕೆ ಎಣ್ಣೆ ಯಾರು ಕೊಡಬೇಕು? ನಮ್ಮ ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ಇಲಾಖೆ ಅಂತ್ಲೇ ಇಟ್ಟಿಲ್ವಾ?"

ನಾನು ನಂಜಪ್ಪನವರ ಪಕ್ಷ. "ದೇವರಿಲ್ಲದ ಸರ್ಕಾರ ಯಾರಿಗೆ ಹೆದರುತ್ತೆ?" ಎಂದೆ.

"ನನಗೆ ಹೆದರಲಿ," ಎಂದರು ಅಂತೋಣಿ ಮೇಸ್ತ್ರಿ. "ಓಟು ಕೊಡ್ತಾರಂತಲ್ಲ. ಆಮೇಲೆ ನನಗೇ ಹೆದರಲಿ."

ಎಲ್ಲರೂ ನಕ್ಕರು. ನಂಜಪ್ಪನವರು ನಗಲಿಲ್ಲ. "ಮೇಸ್ತ್ರಿ, ನಿಮ್ಮ ಚರ್ಚಿಗೂ ಮಹಾರಾಜರೇ ಜಾಗ ಕೊಟ್ಟಿರೋದು. ಮರೀಬೇಡಿ."

"ಮರೆತಿಲ್ಲ ರೈಟರ್. ಅದು ಅವರ ದೊಡ್ಡತನ. ದೊಡ್ಡ ಮನಸ್ಸು ಇವತ್ತು ಇರುತ್ತೆ, ನಾಳೆ ಇರಲ್ಲ. ನನಗೆ ಅವರ ಮನಸ್ಸು ಬೇಡ, ನನ್ನ ಹಕ್ಕು ಬೇಕು."

"ಧರ್ಮ ಇಲ್ದೆ ಹಕ್ಕನ್ನ ಕಾಯೋರು ಯಾರು?" ಎಂದೆ ನಾನು.

"ನಲ್ಲಿನ ಯಾರು ಕಾಯ್ತಿದಾರೆ ತಂಬಿ? ಅದಕ್ಕೆ ಯಾವ ಧರ್ಮ ಇದೆ?"

"ಕುಡಿಯೋ ವಿಷಯ ಬೇರೆ, ಸಾಯೋ ವಿಷಯ ಬೇರೆ," ಎಂದರು ನಂಜಪ್ಪನವರು.

ಸಾಯುವ ವಿಷಯ ಆಗ ಬರಿಯ ಮಾತಾಗಿರಲಿಲ್ಲ. ಲೈನಿನ ಹೆಣಗಳನ್ನು ಹಳ್ಳದ ಆಚೆ ಸಿಕ್ಕಿದಲ್ಲಿ ಹೂಳುತ್ತಿದ್ದರು, ಸಿಕ್ಕಿದಲ್ಲಿ ಸುಡುತ್ತಿದ್ದರು. ಮಳೆಗಾಲದಲ್ಲಿ ನಾಯಿಗಳು ಕೆದಕುತ್ತಿದ್ದವು. ನಂಜಪ್ಪನವರೇ ಓಡಾಡಿ ಅರ್ಜಿ ಹಾಕಿಸಿದ್ದರಿಂದ, ಆ ಬೀಳು ನೆಲವನ್ನು ಸರ್ಕಾರ ಲೈನಿನವರಿಗೆ ಬಿಟ್ಟುಕೊಡಲು ಒಪ್ಪಿತ್ತು. ನೋಡಲು ಬಂದ ತಾಲ್ಲೂಕಿನ ಅಮಲ್ದಾರರು ಒಂದೇ ಮಾತು ಕೇಳಿದರು: ಎಲ್ಲರಿಗೂ ಸೇರಿ ಒಂದೇ ಬೇಲಿಯೋ, ಮತಕ್ಕೊಂದು ಬೇಲಿಯೋ, ನೀವೇ ಕೂತು ತೀರ್ಮಾನಿಸಿ.

ಹೋಟೆಲಿನ ಮುಂದೆ ಎಲ್ಲರೂ ಸೇರಿದೆವು. ಒಂದೇ ಬೇಲಿ ಸಾಕು ಎಂದವರು ಮೇಸ್ತ್ರಿ ಒಬ್ಬರೇ. "ಸರ್ಕಾರ ಬೇಲಿ ಕಾಯಲಿ. ಒಳಗೆ ಸುಡೋರು ಸುಡಲಿ, ಹೂಳೋರು ಹೂಳಲಿ. ಯಾರ ಮತ ಏನು ಅಂತ ಬಾಗಿಲಲ್ಲಿ ಕೇಳೋದು ಬೇಡ." ಅವರ ಜನವೇ ಅವರ ಮಾತು ಕೇಳಲಿಲ್ಲ. ಮುಸಲ್ಮಾನರ ಹಿರಿಯರು ಬೇರೆಯಿದ್ದರೆ ಜಗಳವಿರುವುದಿಲ್ಲ ಎಂದರು. ನಂಜಪ್ಪನವರು ನೆಲ ಹಂಚಿದ ರೀತಿಯಲ್ಲಿ ಅನ್ಯಾಯವಿರಲಿಲ್ಲ. ಹಳ್ಳದ ಕಡೆಯ ಮೆತ್ತನೆಯ ಮಣ್ಣು ಮುಸಲ್ಮಾನರಿಗೂ ಕ್ರಿಸ್ತುವರಿಗೂ, ಏಕೆಂದರೆ ಅವರು ಹೂಳಲೇಬೇಕು. ಮೇಲಿನ ಬಂಡೆ ನೆಲ ಹಿಂದೂಗಳಿಗೆ. "ಊರಲ್ಲಿ ನಾವೂ ಹೂಳೋರೇ. ಇಲ್ಲಿ ಸುಟ್ಟರಾಯ್ತು. ಭದ್ರಾವತಿಯಲ್ಲಿ ಸೌದೆಗೇನು ಬರ?" ಎಂದರು. ಮೂರು ಬೇಲಿಗಳ ನಡುವೆ ಹಳ್ಳದವರೆಗೆ ಗಾಡಿ ಹೋಗುವಷ್ಟು ದಾರಿ ಸರ್ಕಾರಕ್ಕೆ ಉಳಿಯಿತು.

ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ನನ್ನ ಧರ್ಮವನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿತು ಎಂದು ಎದೆ ಉಬ್ಬಿತ್ತು. ನಮ್ಮವರು ಬೇರೆ ಯಾರೂ ಇರಲಿಲ್ಲ, ಆ ಲೈನಿನಲ್ಲಿ ಲಿಂಗವಂತರ ಮನೆ ನನ್ನದೊಂದೇ.

ಮನೆಗೆ ಬಂದು ಹೇಳಿದೆ. ಗೌರಮ್ಮ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಮ ಪಾಲು ಯಾವುದು?"

"ಹಿಂದೂಗಳದ್ದು. ಮೇಲಿನ ನೆಲ."

"ಅದು ಬಂಡೆ. ಮೊಳಕಾಲುದ್ದ ಗುಂಡಿ ತೋಡಕ್ಕಾಗಲ್ಲ. ನಮ್ಮೋರನ್ನ ಎಲ್ಲಿ ಕೂರಿಸ್ತೀರಿ?"

ನನಗೆ ಅದು ಹೊಳೆದೇ ಇರಲಿಲ್ಲ. ಹೊಲ ಇದ್ದವನ ಮಗನಿಗೆ ಹೊಳೆಯುವ ವಿಷಯವಲ್ಲ ಅದು. "ನಮ್ಮದು ಊರಲ್ಲಿ ಹೊಲ ಇದೆಯಲ್ಲ," ಎಂದೆ.

"ಹೌದ್ರೀ. ನನಗೊಂದು ಟಿಕೆಟ್ ತೆಗೆಸಿ, ರೈಲಲ್ಲಿ ಕಿಟಕಿ ಪಕ್ಕ ಕೂರಿಸ್ಕೊಂಡು ಹೋಗಿ. ಟಿಕೆಟ್ ಕೇಳೋನು ಬಂದ್ರೆ ನಿದ್ದೆ ಮಾಡ್ತಿದಾಳೆ ಅನ್ನಿ."

ಇಬ್ಬರೂ ನಕ್ಕೆವು. ಬೀಸುವ ಕಲ್ಲು ಮತ್ತೆ ತಿರುಗಿತು.

ಭದ್ರಾವತಿಯ ಚಳಿಜ್ವರದ ವಿಷಯ ನೀವು ಕೇಳಿರುತ್ತೀರಿ. ನಮ್ಮ ಬಯಲುಸೀಮೆಯ ಮೈಗೆ ಅದು ಬೇಗ ಹತ್ತುತ್ತದೆ. 1949ರ ಮಳೆಗಾಲದಲ್ಲಿ ಗೌರಮ್ಮನಿಗೆ ಬಂದದ್ದು ಬಿಡಲಿಲ್ಲ. ಆಸ್ಪತ್ರೆಯವರು ಕ್ವಿನೈನು ಕೊಟ್ಟರು, ಮಾಡಬೇಕಾದ್ದೆಲ್ಲ ಮಾಡಿದರು. ನಡುಕ ನಿಂತ ಹೊತ್ತಿನಲ್ಲಿ ಅವಳು ಸ್ಪಷ್ಟವಾಗಿ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ರೀ, ನನ್ನ ಸುಡಬೇಡಿ. ಆ ಬಂಡೆ ಮೇಲೆ ಸುಡಬೇಡಿ. ಎಲ್ಲಾದರೂ ಸರಿ, ಕೂರಿಸಿ," ಎಂದಳು. ಆಗಲಿ ಎಂದೆ. ಅವಳು ನನ್ನಿಂದ ಬೇಡಿದ್ದು ಕಡಿಮೆ. ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ.

ಎರಡು ದಿನದ ಮೇಲೆ ಬೆಳಗಿನ ಸೈರನ್ ಕೂಗುವಾಗ ಹೋದಳು.

ನಮ್ಮ ಪದ್ಧತಿಯಲ್ಲಿ ಮೈ ಬಿರುಸಾಗುವ ಮೊದಲೇ ಕೂರಿಸಬೇಕು. ಮೇರಿಯಮ್ಮ ಹಿಂದಿನಿಂದ ತಬ್ಬಿ ಹಿಡಿದುಕೊಂಡರು, ನಾನು ಕಾಲು ಮಡಿಸಿ ಗೋಡೆಗೆ ಒರಗಿಸಿ ಕಟ್ಟಿದೆ. ಆಮೇಲೆ ಜಾಗ ಹುಡುಕಲು ಹೊರಟೆ. ಊರಿಗೆ ಒಯ್ಯುವ ಮಾತೇ ಇರಲಿಲ್ಲ. ಹಿಂದಿನ ದಿನದ ಮಳೆಗೆ ರೈಲು ಎಲ್ಲೋ ನಿಂತಿತ್ತು.

ಹೊಳೆ ದಾಟಿ ಹಳೆ ಪೇಟೆಗೆ ಹೋದೆ. ಅಲ್ಲಿ ನಮ್ಮ ಜನದ ವರ್ತಕರ ಕೆಲವು ಮನೆತನಗಳಿಗೆ ಸ್ವಂತದ ರುದ್ರಭೂಮಿ ಇದೆ. ಹಿರಿಯ ಸಾಹುಕಾರರು ನನ್ನನ್ನು ಕೂರಿಸಿ ಮಾತಾಡಿಸಿದರು, ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. "ಅದು ನಮ್ಮ ಮನೆತನಗಳಿಗೇ ಸಾಲ್ತಿಲ್ಲ ರುದ್ರಪ್ಪ. ಅಪ್ಪ, ತಾತನ ಪಕ್ಕ ಅಂತ ಒಬ್ಬೊಬ್ಬರಿಗೂ ಜಾಗ ಗೊತ್ತುಮಾಡಿ ಇಟ್ಟಿದೀವಿ. ನಿಮ್ಮ ಲೈನಿಗೆ ಸರ್ಕಾರ ಕೊಟ್ಟಿದೆಯಂತಲ್ಲ?"

"ಕೊಟ್ಟಿದ್ದು ಬಂಡೆ."

"ತಗೊಳ್ಳುವಾಗ ನೋಡ್ಲಿಲ್ವೇ?"

ನಾನು ಎದ್ದೆ. ಅವರು ಹಿಂದೆಯೇ ಬಂದು, "ಅಯ್ಯನೋರನ್ನ ಕಳಿಸ್ತೀನಿ. ಮಂತ್ರ, ವಿಭೂತಿ, ಪತ್ರೆ, ಅದಕ್ಕೆಲ್ಲ ಕೊರತೆ ಮಾಡಲ್ಲ," ಎಂದರು. ಅಯ್ಯನವರು ಎಂದರೆ ನಮ್ಮ ಜಂಗಮರು, ಕೊನೆಯ ಕ್ರಿಯೆ ಮಾಡಿಸುವವರು. ಬರಲಿ ಎಂದೆ. ಅವರನ್ನು ಕೂರಿಸಲು ಮನೆ ಇತ್ತು, ಅವಳನ್ನು ಕೂರಿಸಲು ನೆಲ ಇರಲಿಲ್ಲ.

ಲೈನಿಗೆ ಬಂದರೆ ನಂಜಪ್ಪನವರು ಬಾಗಿಲಲ್ಲಿದ್ದರು. "ಸೌದೆಗೆ ಹೇಳಿದೀನಿ. ಸುಟ್ಟುಬಿಡೋಣ ರುದ್ರಪ್ಪ. ನಮ್ಮವ್ವನ್ನ ಅಲ್ಲೇ ಸುಟ್ಟಿದೀನಿ ನಾನು. ಅವಳೇನು ನನಗೆ ಬೇಡವಾಗಿದ್ಲಾ?"

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಬೈಯಲು ಯಾರೂ ಸಿಗಲಿಲ್ಲ. "ಮಾತು ಕೊಟ್ಟಿದೀನಿ," ಎಂದಷ್ಟೇ ಹೇಳಿದೆ.

ಮೇಸ್ತ್ರಿ ಆ ಹೊತ್ತಿಗೆ ತಮ್ಮ ಹಿರಿಯರ ಹತ್ತಿರ ಹೋಗಿ ಬಂದರು. ತಮಗೆಂದು ಇರುವ ಜಾಗವನ್ನೇ ಕೊಡುತ್ತೇನೆ ಎಂದರೂ ಆ ಹಿರಿಯರು ಒಪ್ಪಿರಲಿಲ್ಲ. ಅದು ಪಾದ್ರಿಗಳು ಹರಸಿದ ನೆಲ, ಜ್ಞಾನಸ್ನಾನ ಆದವರಿಗೆ ಮಾತ್ರ. "ನಮ್ಮೋರು ಕೆಟ್ಟೋರಲ್ಲ ತಂಬಿ. ಬೇಲಿ ಹಾಕಿದ ಮೇಲೆ ಬೇಲಿ ತನ್ನ ಕೆಲಸ ಮಾಡುತ್ತೆ," ಎಂದರು. ಮುಸಲ್ಮಾನರನ್ನು ನಾನು ಕೇಳಲೇ ಇಲ್ಲ. ಇಲ್ಲ ಎನ್ನಿಸಿಕೊಳ್ಳಲು ಇನ್ನೂ ಒಂದು ಮನೆಗೆ ಹೋಗುವ ಶಕ್ತಿ ಇರಲಿಲ್ಲ.

ಮೇಸ್ತ್ರಿ ಕೇಳಿದರು. "ನಡುವಿನ ದಾರಿ ಯಾರದ್ದು?"

"ಸರ್ಕಾರದ್ದು."

"ಮಣ್ಣು ಹೇಗಿದೆ?"

"ಮೆತ್ತಗಿದೆ."

"ಹಾಗಾದ್ರೆ ಏಳು."

ಶೆಡ್ಡಿನ ಜನ ಬಂದರು. ದೊಡ್ಡ ಎರಕಕ್ಕೆ ನೆಲದಲ್ಲೇ ಗುಂಡಿ ತೆಗೆದು ಅಚ್ಚು ಕಟ್ಟುವ ಕೈಗಳು ಅವು. ಚೌಕ, ಅಂಚು, ಆಳ ಯಾವುದನ್ನೂ ಹೇಳಿಕೊಡಬೇಕಾಗಲಿಲ್ಲ. ಕೂರಲು ಪಕ್ಕದಲ್ಲೊಂದು ಗೂಡು ಬೇಕು ಎಂದೆ, ಅದನ್ನೂ ಕೊರೆದರು. ನಂಜಪ್ಪನವರು ಬೇಲಿಯ ಹತ್ತಿರ ಬಂದು ನಿಂತರು.

"ಇದು ಸರ್ಕಾರದ ದಾರಿ," ಎಂದರು.

"ಅದಕ್ಕೇ," ಎಂದರು ಮೇಸ್ತ್ರಿ.

"ಯಾರನ್ನ ಕೇಳಿದ್ರಿ?"

"ಯಾವ ದೇವರನ್ನ ಕೇಳಬೇಕು ಹೇಳಿ ರೈಟರ್, ಕೇಳ್ತೀವಿ. ಎರಡು ಕಡೆ ಕೇಳಿಯಾಯ್ತು."

ನಂಜಪ್ಪನವರು ಗುಂಡಿಯನ್ನು ನೋಡಿದರು, ವಿಮಾನದಲ್ಲಿ ಕೂತಿದ್ದ ಗೌರಮ್ಮನನ್ನು ನೋಡಿದರು. "ದಿಬ್ಬ ಮಾತ್ರ ಬೇಡ. ಗಾಡಿ ಹೋಗ್ಬೇಕು," ಎಂದು, ಮೆಟ್ಟು ಕಳಚಿ ಪಕ್ಕಕ್ಕಿಟ್ಟು ನಿಂತರು.

ಅಯ್ಯನವರು ಕ್ರಿಯೆ ಮಾಡಿಸಿದರು. ಅವಳ ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದೆ. ವಿಭೂತಿ, ಪತ್ರೆ, ಉಪ್ಪು, ಮಣ್ಣು. ಊರಲ್ಲಾಗಿದ್ದರೆ ಅದರ ಮೇಲೆ ಗದ್ದುಗೆ ಏರುತ್ತಿತ್ತು. ಇಲ್ಲಿ ಮಣ್ಣನ್ನು ಕೆಳಕ್ಕೆ ಕೂರಿಸಬೇಕಾಗಿತ್ತು, ಇಲ್ಲವಾದರೆ ಮುಂದಿನ ಮಳೆಗೆ ಕುಸಿದು ಗಾಡಿಯ ಚಕ್ರ ಇಳಿಯುತ್ತದೆ. ಶೆಡ್ಡಿನಿಂದ ದಮ್ಮಸು ತಂದಿದ್ದರು. ಕೊಡು, ನಾನು ಬಡೀತೀನಿ ಎಂದು ಮೇಸ್ತ್ರಿ ಕೈ ಚಾಚಿದರು. ನಾನು ಕೊಡಲಿಲ್ಲ. ನನ್ನ ಹೆಂಡತಿಯ ತಲೆಯ ಮೇಲಿನ ಮಣ್ಣನ್ನು ನಾನೇ ಬಡಿದು ದಾರಿಗೆ ಸಮ ಮಾಡಿದೆ. ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ, ಅವರು ಕಲಿಸಿದ ಹಾಗೆ.

ವಾಪಸು ಬರುವಾಗ ಮೇಸ್ತ್ರಿ ಕೇಳಿದರು. "ಆವತ್ತು ಸ್ಟೇಷನ್ ಹತ್ರ ಬಸ್ಸು ಅಂದಿದ್ದೆ. ನೆನಪಿದೆಯಾ ತಂಬಿ?"

"ಇದೆ."

"ತಪ್ಪು ತಿಳೀಬೇಡ."

"ಇಲ್ಲ," ಎಂದೆ.

ಮಳೆ ನಿಂತ ಮೇಲೆ ಒಂದು ಕಲ್ಲಾದರೂ ನಿಲ್ಲಿಸಲು ಅಪ್ಪಣೆ ಬೇಕೆಂದು ಶಿವಮೊಗ್ಗಕ್ಕೆ ಹೋದೆ. ಪೇಟೆಯ ಅಡಿಕೆ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಜಿಲ್ಲಾ ಕಚೇರಿ ಸೇರಿದೆ. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರ ಹಣೆಯಲ್ಲಿ ಮೂರು ಗೆರೆ ವಿಭೂತಿ, ಅಂಗಿಯೊಳಗೆ ಶಿವದಾರ. ನನಗೆ ಜೀವ ಬಂದ ಹಾಗಾಯಿತು. ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಹೂಳಿದ್ದನ್ನ ಯಾರೂ ತೆಗೆಸಲ್ಲ, ಆ ಭಯ ಬೇಡ," ಎಂದರು. "ಕಲ್ಲು ಆಗಲ್ಲ. ದಾರಿ ಎಲ್ಲರದ್ದು. ಇವತ್ತು ನಿಮ್ಮ ಕಲ್ಲಿಗೆ ಒಪ್ಪಿಗೆ ಕೊಟ್ಟರೆ ನಾಳೆ ಒಬ್ಬರು ಶಿಲುಬೆ ತರ್ತಾರೆ, ಇನ್ನೊಬ್ಬರು ಗುಡಿ ಕಟ್ಟಿಸ್ತಾರೆ. ಆಮೇಲೆ ಯಾರೂ ಹೆಣ ತಗೊಂಡು ಹೋಗಕ್ಕಾಗಲ್ಲ."

"ನೀವು ನಮ್ಮೋರು ಅಂತ ಕೇಳ್ತಿದೀನಿ."

"ಮನೆಗೆ ಬನ್ನಿ, ಊಟ ಮಾಡಿ ಹೋಗಿ. ಅಲ್ಲಿ ನಾನು ನಿಮ್ಮೋನು. ಈ ಮೇಜಿನ ಹಿಂದೆ ಕೂತಾಗ ಅಲ್ಲ."

ಅವರು ಹೇಳಿದ್ದು ಸರಿ. ಮೇಸ್ತ್ರಿ ಹೋಟೆಲಿನಲ್ಲಿ ಹೇಳುತ್ತಿದ್ದುದೂ ಇದೇ. ಮತವಿಲ್ಲದ ನೆಲ ಆ ಒಂದು ದಾರಿ ಇದ್ದದ್ದರಿಂದ ನನ್ನ ಮಾತು ಉಳಿಯಿತು; ಮತವಿಲ್ಲದ ನೆಲವಾದ್ದರಿಂದಲೇ ಅವಳ ಹೆಸರಿಗೆ ಅಲ್ಲಿ ಒಂದು ಕಲ್ಲಿಲ್ಲ. ಎರಡನ್ನೂ ಕೊಟ್ಟದ್ದು ಒಂದೇ ಕೈ. ದಿಲ್ಲಿಯಲ್ಲಿ ರಾಜ್ಯಾಂಗ ಬರೆದು ಮುಗಿಸಿದ್ದಾರಂತೆ. ಮೊನ್ನೆ ಹೋಟೆಲಿನಲ್ಲಿ ನಾನೇ ಓದಿ ಹೇಳಿದೆ. ಬೆಂಚಿನ ಮೇಲಿನವರು ನನ್ನ ವಾದಕ್ಕೆ ಕಾದರು. ದೇವರಿಗೆ ಹೆದರದ ಸರ್ಕಾರದ ಬಗ್ಗೆ ನನ್ನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಪತ್ರಿಕೆ ಮಡಿಸಿ ಎದ್ದು ಬಂದೆ.

ಅಣ್ಣ ಬಂದಿದ್ದ. ಮಕ್ಕಳನ್ನು ಕರೆದುಕೊಂಡು ಊರಿಗೆ ಬಾ, ಅಪ್ಪನ ಪಕ್ಕ ನಿನಗೂ ಜಾಗ ಇದೆ ಎಂದ. ಇದೆ, ಬಲ್ಲೆ. ಅಲ್ಲಿ ನೇಗಿಲು ನನ್ನನ್ನು ಬಳಸಿಕೊಂಡು ಹೋಗುತ್ತದೆ. ಇಲ್ಲಿ ಅವಳ ಮೇಲೆ ಮೂರೂ ಮತದ ಹೆಣಗಳು, ಸೌದೆಯ ಗಾಡಿಗಳು, ನೀರು ಕುಡಿಯಲು ಇಳಿಯುವ ಎಮ್ಮೆಗಳು ಹೋಗುತ್ತವೆ. ಜಾಗ ನನ್ನ ಕಾಲಿಗೆ ಗೊತ್ತು. ಅಲ್ಲಿಗೆ ಬಂದಾಗ ಪಕ್ಕಕ್ಕೆ ಸರಿದು ನಡೆಯುತ್ತೇನೆ. ಈಚೆಗೆ ನಂಜಪ್ಪನವರೂ ಹಾಗೇ ಸರಿದು ನಡೆಯುವುದನ್ನು ಕಂಡೆ. ಅಣ್ಣನಿಗೆ ಸದ್ಯಕ್ಕೆ ಬರುವುದಿಲ್ಲ ಎಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಲೈನಿನಲ್ಲಿ ಬಾಡಿಗೆಯ ಒಂದು ಕೋಣೆ. ಒಬ್ಬಳು ಮಗಳು, ಒಬ್ಬ ಮಗ. ಬೀಸುವ ಕಲ್ಲು ಒಂದು. ಅಚ್ಚು ತೀಡುವ ಕರಣೆ ಎರಡು, ದಮ್ಮಸು ಒಂದು. ಪೆಟ್ಟಿಗೆಯಲ್ಲಿ ಎರಡು ಬೆಳ್ಳಿ ಕರಡಿಗೆ, ನನ್ನದೊಂದು, ಅವಳದೊಂದು, ಎರಡೂ ಖಾಲಿ. ಊರಿನ ಹೊಲದಲ್ಲಿ ಅರ್ಧ ಪಾಲು. ಸರ್ಕಾರದ ದಾರಿಯಲ್ಲಿ, ನನ್ನದಲ್ಲದ ಮೂರು ಅಡಿ.